ಹೇಳಿದ್ದನ್ನು ತಿರುಗಿ ಹೇಳುತ್ತಿದ್ದ ಅಕ್ಕೋರು

ನೀವು ಅವರಿಗೆ ಒಂದು ಮಾತು ಹೇಳಿದರೆ ಅವರು ಮೊದಲು ಅದನ್ನು ನಿಮಗೇ ತಿರುಗಿ ಹೇಳುತ್ತಿದ್ದರು. ‘ನಾಳಿ ನನ್ನ ಪಿರಿಯಡ್ ನೀವು ತೊಗೊಳ್ರಿ’ ಎಂದು ನಾನು ಹೇಳಿದರೆ, ‘ನಾಳಿ ನಿಮ್ಮ ಪಿರಿಯಡ್ ನಾ ತೊಗೋಬೇಕು, ಹೌದಲ್ರಿ?’ ಎಂದು ಕೇಳಿ, ನಾನು ಹೌದು ಎಂದ ಮೇಲೆ ‘ಆಗಲ್ರಿ’ ಎನ್ನುತ್ತಿದ್ದರು. ಹೊಸಬರಿಗೆ ಇದು ಕಿವಿ ಮಂದ ಇರುವವರ ಚಾಳಿಯಂತೆ ಕಾಣುತ್ತಿತ್ತು. ನನಗಂತೂ ಮೊದಲ ವರ್ಷ ತಲೆ ಕೆಟ್ಟು ಹೋಗಿತ್ತು. ನಾನು ಇತಿಹಾಸದ ಮಾಸ್ತರ. ಬಾಯಿಂದ ಹೊರಬಿದ್ದ ಮಾತು ಮುಂದಕ್ಕೆ ಹೋಗಬೇಕು, ನನ್ನ ಕಡೆಗೇ ವಾಪಸು ಬರಬಾರದು ಎಂದು ತಿಳಿದವನು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಎಲ್ಲಾದರೂ ತಮ್ಮ ಹೆಸರು ಅಚ್ಚಾಗುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಬೈಯಲು ಈಗ ಅವರಿಲ್ಲ ಎಂದು ನಾನು ಸಲಿಗೆ ತೆಗೆದುಕೊಳ್ಳಬಾರದು. ಸೇಡಂನ ಕಾಲೇಜಿನಲ್ಲಿ ನಾವಿಬ್ಬರೂ ಬಹಳ ವರ್ಷ ಜೊತೆಗೆ ಕೆಲಸ ಮಾಡಿದೆವು, ಅವರು ಪ್ರಾಣಿಶಾಸ್ತ್ರ, ನಾನು ಇತಿಹಾಸ. ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಕಾಲೇಜಿಗೆ ಬಂದರೆ ಎಲ್ಲರೂ ಮೇಡಂ ಆಗಿಬಿಡುತ್ತಾರೆ. ಇವರು ಮಾತ್ರ ಕಾಲೇಜಿನಲ್ಲೂ ಅಕ್ಕೋರಾಗಿಯೇ ಉಳಿದರು, ಪ್ರಾಂಶುಪಾಲರೂ ಹಾಗೆಯೇ ಕರೆಯುತ್ತಿದ್ದರು. ಮೊನ್ನೆ ವಾಡಿಯಲ್ಲಿ ತೀರಿಕೊಂಡರು. ಶೋಕಸಭೆಯಲ್ಲಿ ನನ್ನ ಕೈಗೆ ಮೈಕು ಕೊಟ್ಟರು. ಮೈಕು ಸಿಕ್ಕರೆ ಬಿಡದ ಮನುಷ್ಯ ಎಂದು ಹೆಸರಾದ ನಾನು, ‘ಅವರು ಭಾಳ ಒಳ್ಳೆಯವರಿದ್ದರು’ ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ನನ್ನ ಮೇಲಿನ ಆ ಸಿಟ್ಟಿಗೆ ಈಗ ಬರೆಯಲು ಕುಳಿತಿದ್ದೇನೆ.

ಅವರ ಮನೆ ವಾಡಿ, ನನ್ನದು ಚಿತ್ತಾಪುರ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಅವರು ಮೊದಲೇ ಹತ್ತಿ, ಪಕ್ಕದ ಜಾಗದಲ್ಲಿ ಬುತ್ತಿಯ ಚೀಲ ಇಟ್ಟು ನನಗಾಗಿ ಕಾಯ್ದಿರಿಸುತ್ತಿದ್ದರು. ಒಂದು ದಿನ ಮಳಖೇಡದ ಹತ್ತಿರ ಸಿಗ್ನಲ್ ಸಿಗದೆ ಗಾಡಿ ನಿಂತಾಗ, ಬೇಸರಕ್ಕೆ ಅವರನ್ನು ಕೆಣಕಿದೆ. ‘ಅಕ್ಕೋರೆ, ನಾ ಹೇಳಿದ್ದೇ ನನಗ ಹೇಳ್ತೀರಲ್ಲ, ನಿಮಗ ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?’

‘ನನಗ ನಿಮ್ಮ ಮ್ಯಾಲೆ ನಂಬಿಕಿ ಇಲ್ಲೇನಂತ ಕೇಳಾಕತ್ತೀರಿ,’ ಎಂದು ಅವರು ಅದನ್ನೂ ತಿರುಗಿ ಹೇಳಿ ನಕ್ಕರು. ‘ನಿಮ್ಮ ಮ್ಯಾಲೆ ಅದ ಸರ್. ನನ್ನ ಕಿವಿ ಮ್ಯಾಲೆ ಇಲ್ಲ. ನಮ್ಮಪ್ಪ ವಾಡಿ ಸ್ಟೇಷನ್ನಿನ ಸಿಗ್ನಲ್ ಕ್ಯಾಬಿನ್ನಾಗ ಇದ್ರು. ಸ್ಟೇಷನ್ ಮಾಸ್ತರ್ ಫೋನಿನ್ಯಾಗ, ಇಂಥಾ ಗಾಡಿ ಇಂಥಾ ಲೈನಿಗಿ ತೊಗೋ ಅಂದ್ರ, ಅಪ್ಪ ಅದೇ ಮಾತು ತಿರುಗಿ ಹೇಳ್ತಿದ್ರು. ಅವ್ರು ಬರೋಬ್ಬರಿ ಅಂದ ಮ್ಯಾಲೇ ಹಳಿ ಬದಲಿಸೋ ಹಿಡಿಕಿಗಿ ಕೈ ಹಾಕೋದು. ಅವ್ರು ಹೇಳಿದ್ದು ಒಂದು, ಇವ್ರು ಕೇಳಿದ್ದು ಒಂದು ಆದ್ರ, ಗಾಡ್ಯಾಗ ಮಂದಿ ಕುಂತಿರ್ತಾರಲ್ರಿ.’

‘ನಮ್ಮ ಕಾಲೇಜಿನಾಗ ಯಾವ ಗಾಡಿ ಬಡದಾಡ್ತಾವ್ರಿ?’

‘ಬಡದಾಡ್ತಾವ ಸರ್. ಸಪ್ಪಳ ಆಗಲ್ಲ, ಅಷ್ಟೇ.’

ಅಷ್ಟರಲ್ಲಿ ಸಿಗ್ನಲ್ ಸಿಕ್ಕು ಗಾಡಿ ಹೊರಟಿತು. ಅವರು ಚೀಲದಿಂದ ಶೇಂಗಾ ತೆಗೆದು ನನ್ನ ಕೈಗೆ ಹಾಕಿದರು.

ಅವರ ಜೀವಮಾನದ ಬೆರಗು ಒಂದೇ ಇತ್ತು, ಯಕೃತ್ತು. ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ನಂತರ, ರಜೆಗಳಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಓಡಾಡಿ ಪಿಎಚ್.ಡಿ. ಮಾಡಿದರು. ಗಾಯಗೊಂಡ ಯಕೃತ್ತು ಮತ್ತೆ ಬೆಳೆಯುವಾಗ, ‘ಬೆಳೆ’ ಎಂಬ ಸುದ್ದಿಯನ್ನು ಹಿಡಿದುಕೊಳ್ಳುವ ಜೀವಕೋಶದ ಗ್ರಾಹಿಗಳು ಏನು ಮಾಡುತ್ತವೆ ಎಂಬುದು ವಿಷಯ. ನನಗೆ ಇದು ಗೊತ್ತಾದದ್ದು ಗೋಡೆಯ ದೆಸೆಯಿಂದ. ಅವರ ತರಗತಿಯ ಪಕ್ಕದ ಕೋಣೆ ನನ್ನದು. ನಡುವಿನ ಗೋಡೆ ಎಷ್ಟು ತೆಳುವೆಂದರೆ, ನಾನು ಹುಡುಗರಿಗೆ ನೋಟ್ಸ್ ಬರೆಯಲು ಹಚ್ಚಿ ಕುಳಿತಾಗ ಆಚೆಯ ಪಾಠ ಪೂರ್ತಿ ಕೇಳುತ್ತಿತ್ತು. ಪುಸ್ತಕದ ಕನ್ನಡ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಈ ಪಾಠಕ್ಕೆ ಬಂದಾಗ ಮನೆಯ ಮಾತಿಗೆ ಇಳಿದುಬಿಡುತ್ತಿದ್ದರು.

‘ಒಂದು ಇಲಿ ಲಿವರಿನ ದೊಡ್ಡ ತುಂಡೇ ಕೊಯ್ದು ತೆಗೀರಿ. ಉಳಿದದ್ದು ಅಳ್ತಾ ಕುಂದ್ರಲ್ಲ. ಅಲ್ಲಿತನಕ ಮಲಗಿದ್ದ ಜೀವಕೋಶ ಎದ್ದು, ಒಂದು ಹೋಗಿ ಎರಡಾಗ್ತಾವ. ಯಾರು ಎಬ್ಬಸ್ತಾರ? ರಕ್ತದಾಗ ಬೆಳವಣಿಗಿ ಅಂಶ ಹರದು ಬರ್ತಾವ. ಬೆಳಿ ಅಂತ ಹೇಳೋದು ಅವುಗಳ ಕೆಲಸ. ಹೇಳಿದ್ರ ಮುಗೀತೇನು? ಕೋಶದ ಮೈಮ್ಯಾಲೆ ಗ್ರಾಹಿ ಅಂತ ಇರ್ತಾವ. ಅವು ಆ ಸುದ್ದಿ ಹಿಡಕೊಂಡು ಒಳಗ ಮುಟ್ಟಸಬೇಕು. ಹಿಡೀಲಿಲ್ಲಂದ್ರ, ರಕ್ತದ ತುಂಬಾ ಬೆಳಿ ಬೆಳಿ ಅಂತ ಕೂಗಿದ್ರೂ ಒಂದು ಕೋಶ ಅಲ್ಲಾಡಲ್ಲ. ಇಂಥಾ ಗ್ರಾಹಿ ಎರಡು ಮುಖ್ಯ ಅವ. ಒಂದು ಬಂದ್ ಮಾಡಿದ್ರ ಇನ್ನೊಂದು ಸಂಭಾಳಿಸ್ತದ. ತಡ ಆಗ್ತದ, ಆದ್ರ ಆಗ್ತದ. ಎರಡೂ ಬಂದ್ ಮಾಡಿದ್ರ ಇಲಿ ಉಳಿಯಲ್ಲ.’

ಇಲ್ಲಿಗೆ ಬಂದಾಗ ಸೀಮೆಸುಣ್ಣ ಮೇಜಿನ ಮೇಲಿಡುವ ಸಪ್ಪಳ ಕೇಳುತ್ತಿತ್ತು. ಮುಂದಿನ ಮಾತು ಮೆಲ್ಲಗೆ ಬರುತ್ತಿತ್ತು, ನಾನು ಗೋಡೆಗೆ ಕಿವಿ ಹಚ್ಚಬೇಕಾಗುತ್ತಿತ್ತು. ‘ಮತ್ತ ನಿಂದರ್ತದ. ಎಷ್ಟು ಬೇಕೋ ಅಷ್ಟಾದ ಮ್ಯಾಲೆ ತಾನೇ ನಿಂದರ್ತದ. ಸಾಕು ಅಂತ ಅದಕ್ಕ ಹ್ಯಾಂಗ ತಿಳೀತು? ಅದು ನಮಗ ಇನ್ನಾ ಪೂರಾ ಗೊತ್ತಿಲ್ಲ.’

ಈ ಪಾಠವನ್ನು ನಾನು ವರ್ಷ ವರ್ಷ ಕೇಳಿದ್ದೇನೆ. ಪ್ರತಿ ವರ್ಷವೂ ಆ ಕೊನೆಯ ಮಾತನ್ನು ಅವರು ಆಗಷ್ಟೇ ಸುದ್ದಿ ತಿಳಿದವರ ಹಾಗೆ ಹೇಳುತ್ತಿದ್ದರು. ನನ್ನ ಪಾಠದಲ್ಲಿ ರಾಜರ ಮೇಲೆ ರಾಜರನ್ನು ಆಕಳಿಸುತ್ತ ಸಾಯಿಸುತ್ತಿದ್ದ ನನಗೆ ಆಗ ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚು.

ಆ ಪಾಠದ ದಿನ ಬೆಳಿಗ್ಗೆ ಅವರು ಸೇಡಂ ಸ್ಟೇಷನ್ನಿನಿಂದ ನೇರ ಮಟನ್ ಅಂಗಡಿಗೆ ಹೋಗುತ್ತಿದ್ದರು. ಕೊರಳಲ್ಲಿ ಲಿಂಗ, ಮನೆಯಲ್ಲಿ ಉಳ್ಳಾಗಡ್ಡಿ ತಿನ್ನಲೂ ವಾರ ನೋಡುವ ಮಂದಿ. ಅಂಗಡಿಯ ಚಾಚಾ ಇವರನ್ನು ಕಂಡರೆ ಉಳಿದ ಗಿರಾಕಿಗಳನ್ನು ಸರಿಸಿ, ಕುರಿಯ ಕಲೇಜಿಯನ್ನು, ಎಂದರೆ ಯಕೃತ್ತನ್ನು, ಎಲ್ಲಿಯೂ ಹರಿಯದಂತೆ ಬಾಳೆಲೆಯಲ್ಲಿ ಸುತ್ತಿ ಕೊಡುತ್ತಿದ್ದ. ಒಮ್ಮೆ ಅವರ ಬಳಗದ ಹಿರಿಯರೊಬ್ಬರು ಆ ಅಂಗಡಿಯ ಮುಂದೆಯೇ ಎದುರಾದರು. ‘ಇಲ್ಲೇನು ನಡಸೀಯವ್ವಾ?’ ಎಂದು ಕೇಳಿದ್ದಕ್ಕೆ ಇವರು, ‘ಇಲ್ಲೇನು ನಡಸೀ ಅಂತ ಕೇಳಾಕತ್ತೀರಿ. ಪಾಠಕ್ಕ ತೊಗೊಂಡು ಹೊಂಟೀನಿ ಕಾಕಾ, ನೋಡ್ತೀರೇನು?’ ಎಂದು ಎಲೆಯನ್ನು ಅಲ್ಲಿಯೇ ಬಿಚ್ಚಲು ಹೊರಟರಂತೆ. ಹಿರಿಯರು ರಸ್ತೆ ದಾಟಿ ಹೋದರು. ಇದನ್ನು ಗಾಡಿಯಲ್ಲಿ ನನಗೆ ಹೇಳಿದ್ದು ಅವರೇ. ಹೇಳುವಾಗ ಅವರ ಮುಖದಲ್ಲಿ ಗೆದ್ದ ಭಾವವೇನೂ ಇರಲಿಲ್ಲ. ನೋಡಿದ್ದರೆ ಅವರಿಗೂ ಸಂತೋಷವಾಗುತ್ತಿತ್ತು ಎಂದು ಪೇಚಾಡಿದರು.

ಇಲಿಗಳ ವಿಷಯ ಬಂದರೆ ಮಾತ್ರ ಸುಮ್ಮನಾಗುತ್ತಿದ್ದರು. ಪ್ರಯೋಗಾಲಯದಲ್ಲಿ ಅವರು ಕೊಯ್ದದ್ದು ಇಲಿಗಳನ್ನು. ಆ ಕಾರಣಕ್ಕೋ ಏನೋ, ವಾಡಿಯ ಅವರ ಮನೆಯಲ್ಲಿ ಇಲಿಗಳು ಅಳಿಯಂದಿರ ಹಾಗೆ ಓಡಾಡಿಕೊಂಡಿದ್ದವು. ಜೋಳದ ಚೀಲಕ್ಕೆ ತೂತು ಬಿದ್ದರೂ ಬೋನು ಇಡಗೊಡುತ್ತಿರಲಿಲ್ಲ. ‘ಇಕಿನ್ನ ಲಗ್ನ ಆದಾಗ ಇಲಿಗೋಳ ಸುದ್ದಿ ಯಾರೂ ಹೇಳಿರಲಿಲ್ರಿ’ ಎಂದು ಅವರ ಯಜಮಾನರು ನನ್ನ ಮುಂದೆ ದೂರುತ್ತಿದ್ದರು.

ಒಮ್ಮೆ ಕಾಲೇಜಿನ ಹುಡುಗರನ್ನು ಸನ್ನತಿಗೆ ಕರೆದುಕೊಂಡು ಹೋಗಿದ್ದೆ. ಅಕ್ಕೋರೂ ಜೊತೆಗೆ ಬಂದಿದ್ದರು. ಒಡೆದು ಬಿದ್ದ ಬೌದ್ಧ ಸ್ತೂಪದ ಕಲ್ಲುಗಳ ನಡುವೆ ನಿಂತು ನಾನು ಆವೇಶದಿಂದ ಮಾತಾಡಿದೆ. ಒಮ್ಮೆ ಒಡೆದದ್ದು ಒಡೆದೇ ಹೋಯಿತು, ಚೂರುಗಳನ್ನು ಆರಿಸಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ ಎಂಬುದು ನನ್ನ ಭಾಷಣದ ಸಾರ. ಅಕ್ಕೋರು ಒಂದು ಚೂರಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತಿದ್ದರು. ಆಮೇಲೆ, ‘ಒಮ್ಮಿ ಒಡೆದದ್ದು ಒಡೆದೇ ಹೋಯ್ತು ಅಂದ್ರಿ. ಹೌದಲ್ರಿ ಸರ್?’ ಎಂದು ಕೇಳಿದರು. ಹೌದು ಎಂದೆ. ‘ಕಲ್ಲಿಗಿ ಖರೆ’ ಎಂದು ಎದ್ದು ಸೀರೆಯ ಧೂಳು ಕೊಡವಿಕೊಂಡರು. ಹುಡುಗರು ನಕ್ಕರು. ನಾನು ಅಂದು ಭೀಮಾ ದಂಡೆಯಲ್ಲಿ ಊಟಕ್ಕೆ ಕುಳಿತಾಗಲೂ ಮುಖ ಗಂಟು ಹಾಕಿಕೊಂಡೇ ಇದ್ದೆ.

ಅವರು ಹೇಳಿದ್ದು ನನ್ನ ಮನೆಯೊಳಗೇ ಬಂದು ನಿಲ್ಲುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ನನ್ನ ಹೆಂಡತಿ ಸುನಂದಾಳ ತವರು ಶಹಾಬಾದ. ಅವಳ ತಮ್ಮ ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಯಂತ್ರ ಇಟ್ಟುಕೊಂಡಿದ್ದಾನೆ. ಹೆಂಡವಿರಲಿ, ಬೀಡಿಯನ್ನೂ ಮುಟ್ಟದ ಹುಡುಗ. ಅವನ ಯಕೃತ್ತು ಕೆಟ್ಟಿತು. ಮೊದಲು ಕಣ್ಣು ಹಳದಿಯಾದವು, ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು. ಕೊನೆಗೆ ಹೈದರಾಬಾದಿನ ವೈದ್ಯರು, ಮನೆಯವರಲ್ಲಿ ಯಾರಾದರೂ ತಮ್ಮ ಯಕೃತ್ತಿನ ಭಾಗ ಕೊಟ್ಟರೆ ಮಾತ್ರ ಉಳಿಯುತ್ತಾನೆ ಎಂದರು. ತಪಾಸಣೆ ಮಾಡಿದಾಗ ಎಲ್ಲ ರೀತಿಯಿಂದಲೂ ಹೊಂದಿಕೆಯಾದವಳು ಸುನಂದಾ ಒಬ್ಬಳೇ.

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡಿದರೆ ಒಂದು ಜೀವ ಬೇಡವೆಂದಂತೆ ಆಗುತ್ತಿತ್ತು, ಅದು ಯಾರದೇ ಆಗಲಿ. ಒಂದು ಭಾನುವಾರ ಸುನಂದಾ, ‘ಅಕ್ಕೋರ ಮನಿಗಿ ಹೋಗಿ ಬರೂಣು ನಡೀರಿ’ ಎಂದಳು. ಕೊಡಬೇಕೋ ಬೇಡವೋ ಎಂದು ಕೇಳಲು ಹೊರಟಿದ್ದೇವೆಂದು ನಾನು ತಿಳಿದೆ. ಅಕ್ಕೋರು ಬೇಡ ಎನ್ನಲಿ ಎಂದು ಚಿತ್ತಾಪುರದಿಂದ ವಾಡಿಯವರೆಗೂ ಹಾರೈಸಿದೆ.

ಅವರು ಚಹಾ ಕೊಟ್ಟು ಎದುರಿಗೆ ಕುಳಿತರು. ಸುನಂದಾ ಸೆರಗಿನ ಅಂಚು ತಿರುವುತ್ತ ಕೇಳಿದಳು: ‘ಅಕ್ಕೋರೆ, ನನ್ನದು ಮತ್ತ ಬೆಳಿತದೇನ್ರಿ?’

‘ನಿನ್ನದು ಮತ್ತ ಬೆಳಿತದೋ ಇಲ್ಲೋ ಅಂತ ಕೇಳಾಕತ್ತಿ. ಕೊಡಬೇಕೋ ಬ್ಯಾಡೋ ಅಂತ ಕೇಳಾಕತ್ತಿಲ್ಲ. ಹೌದಾ ತಂಗಿ?’

‘ಹೌದ್ರಿ. ಕೊಡೋದು ನಾ ಗಟ್ಟಿ ಮಾಡೀನಿ.’

ಇಷ್ಟು ವರ್ಷ ಜೊತೆಗೆ ಸಂಸಾರ ಮಾಡಿದ ಹೆಂಗಸು ಏನು ನಿರ್ಧಾರ ಮಾಡಿದ್ದಾಳೆಂದು ನಾನು ತಿಳಿದದ್ದು ಇನ್ನೊಬ್ಬರ ಮನೆಯಲ್ಲಿ, ಅವಳ ಮಾತನ್ನು ಅವಳಿಗೇ ತಿರುಗಿ ಹೇಳಿದ ಮೇಲೆ.

‘ಹಾಂಗಾದ್ರ ಕೇಳು,’ ಎಂದರು ಅಕ್ಕೋರು. ‘ಬೆಳಿತದ. ಆದ್ರ ಕೊಯ್ದ ಜಾಗದಾಗ ಹೊಸಾ ತುಂಡು ಮೂಡತದ ಅಂತ ತಿಳೀಬ್ಯಾಡ. ಹೋದದ್ದು ಹೋಗ್ತದ. ಉಳಿದದ್ದೇ ದೊಡ್ಡದಾಗಿ ಅದರ ಕೆಲಸಾನೂ ಮಾಡ್ತದ. ಆಪರೇಶನ್ನಿನ್ಯಾಗ ಅಪಾಯ ಅದ, ಡಾಕ್ಟರು ಹೇಳ್ತಾರ, ಅದನ್ನ ಅವಸರ ಮಾಡದೆ ಕೇಳಿಸ್ಕೊ. ಅಪಾಯ ಇಲ್ಲಂತ ನಾ ಹೇಳಲ್ಲ. ನಿನ್ನ ತಮ್ಮನ ಹೊಟ್ಟ್ಯಾಗ ಹೋದ ತುಂಡೂ ಬೆಳಿತದ, ಅವನ ಮೈಗಿ ಎಷ್ಟು ಬೇಕೋ ಅಷ್ಟು.’

‘ಇಬ್ಬರಾಗೂ ಬೆಳಿತದ್ರಿ?’

‘ಇಬ್ಬರಾಗೂ.’ ಅವರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು, ಸೀಮೆಸುಣ್ಣ ಇಡುತ್ತಿದ್ದ ಹಾಗೆಯೇ. ‘ಇಷ್ಟು ವರ್ಷ ಓದೀನಿ ತಂಗಿ. ಈಗೂ ನನಗ ಮೈ ಜುಮ್ ಅಂತದ.’

ವಾಪಸು ಬರುವಾಗ ಗಾಡಿಯಲ್ಲಿ ನಾನು ಸುನಂದಾಳ ಪಕ್ಕದಿಂದ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಸಿಟ್ಟು ಬಂದಿದೆ ಎಂದುಕೊಂಡಿದ್ದೆ. ಅದು ಸಿಟ್ಟಲ್ಲ, ಹೆದರಿಕೆ. ಅವಳನ್ನು ಕಳೆದುಕೊಂಡು ಬದುಕುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಆಪರೇಶನ್ ಸುಸೂತ್ರವಾಯಿತು. ತಮ್ಮನ ಕಣ್ಣಿನ ಹಳದಿ ಇಳಿಯುತ್ತ ಬಂತು. ಸುನಂದಾಳನ್ನು ಚಿತ್ತಾಪುರಕ್ಕೆ ಕರೆತಂದೆವು. ಚೆನ್ನಾಗಿ ಉಣಿಸಿ, ಬೇಳೆ, ಮೊಸರು, ಕಾಳು ಹೆಚ್ಚಾಗಿ ಕೊಡಿ, ಸ್ವಲ್ಪ ಸ್ವಲ್ಪ ನಡೆಸಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಆದರೆ ನಮ್ಮ ಅಡುಗೆಮನೆ ನನ್ನ ಅವ್ವನದು. ಅವಳು ಸೊಸೆಗೆ ಕಾಮಣಿಯ ಪಥ್ಯ ಹಿಡಿದಳು. ಉಪ್ಪಿಲ್ಲದ, ಬೇಳೆಯಿಲ್ಲದ ಜೋಳದ ತೆಳ್ಳನೆಯ ಗಂಜಿ, ನೀರು ಮಜ್ಜಿಗೆ, ಅಷ್ಟೇ. ನಮ್ಮ ಕಡೆ ಕಾಮಾಲೆಯಾದವರಿಗೆ ಹಿಂದಿನಿಂದಲೂ ಮಾಡಿಕೊಂಡು ಬಂದದ್ದು ಇದೇ. ನಮ್ಮಪ್ಪನಿಗೆ ಕಾಮಣಿಯಾದಾಗ ಅವ್ವ ಇದೇ ಪಥ್ಯ ಮಾಡಿದ್ದಳು, ಅಪ್ಪ ಎದ್ದು ಕುಳಿತಿದ್ದರು. ‘ಅರ್ಧಾ ಲಿವರ್ ತೆಗದಾರ. ಉಳಿದದ್ದಕ್ಕ ಕೆಲಸ ಹಚ್ಚಿದ್ರ ಅದೂ ಕೈ ಬಿಡ್ತದ. ದಣಿದದ್ದಕ್ಕ ಆರಾಮ ಬೇಕು’ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರೆಲ್ಲ ತಲೆದೂಗುತ್ತಿದ್ದರು.

ನಾನು ಅವ್ವನಿಗೆ ಆಸ್ಪತ್ರೆಯವರ ಮಾತು ಹೇಳಿದೆ. ಕೇಳಲಿಲ್ಲ. ದನಿ ಎತ್ತಿ ಹೇಳಿದೆ. ಆಗಲೂ ಕೇಳಲಿಲ್ಲ. ಫೋನಿನಲ್ಲಿ ಡಾಕ್ಟರಿಂದಲೇ ಹೇಳಿಸಿದೆ. ಅವ್ವ ಫೋನು ಹಿಡಿದು ಹೂಂ ಹೂಂ ಎಂದು, ಇಟ್ಟ ಮೇಲೆ ‘ಅವ್ರು ನಮ್ಮ ಮನ್ಯಾಗ ಬಂದು ಕುಂದರ್ತಾರೇನು?’ ಎಂದಳು. ನಾನು ಹೋಟೆಲಿನಿಂದ ಬೇಳೆ ಸಾರು ತಂದರೆ ಅವ್ವ ಬಾಗಿಲಲ್ಲಿ ಅಡ್ಡ ನಿಂತು ಅಳುತ್ತಿದ್ದಳು. ಸುನಂದಾಳಿಗೆ ಅತ್ತೆ ಎಂದರೆ ಜೀವ. ಅವಳನ್ನು ನೋಯಿಸಲಾರದೆ, ಮೊದಲೇ ಹಸಿವಿಲ್ಲದವಳು, ಕೊಟ್ಟ ಗಂಜಿಯನ್ನೇ ಕುಡಿದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಪಾದಗಳು ಬಾತವು. ಗಾಯ ಒಣಗುವುದು ತಡವಾಯಿತು. ಮತ್ತೆ ಬೆಳೆಯಬೇಕಾದದ್ದು ಅವಳ ಹೊಟ್ಟೆಯಲ್ಲಿ ಬರಿಗೈಯಲ್ಲಿ ಕುಳಿತಿತ್ತು, ಬೇಳೆಯ ಡಬ್ಬಿ ನಡುವಿನ ಗೋಡೆಯಾಚೆ ತುಂಬಿಕೊಂಡಿತ್ತು.

ನಾನು ಕರೆದದ್ದಕ್ಕೆ ಅಕ್ಕೋರು ಬಂದರು. ಸುನಂದಾಳ ಪಾದದ ಮೇಲೆ ಬೆರಳು ಒತ್ತಿ ನೋಡಿದರು, ತಲೆ ಸವರಿದರು. ಅಲ್ಲಿಂದ ಎದ್ದು ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಪಾಠ ಶುರುವಾಗುತ್ತದೆ, ಅವ್ವ ಎದ್ದು ಹೋಗುತ್ತಾಳೆ ಎಂದು ನಾನು ಬಾಗಿಲಲ್ಲೇ ನಿಂತೆ.

‘ಯವ್ವಾ, ಏನು ಕೊಡಾಕತ್ತೀರಿ ಸೊಸಿಗಿ?’

ಅವ್ವ ಹೇಳಿದಳು. ಅಕ್ಕೋರು ತಿರುಗಿ ಹೇಳಿದರು: ‘ಉಪ್ಪಿಲ್ಲದ ಗಂಜಿ, ನೀರು ಮಜ್ಜಿಗಿ. ಉಳಿದ ಲಿವರಿಗಿ ಆರಾಮ ಸಿಗಲಿ ಅಂತ. ಹೌದಲ್ರಿ?’

‘ಹೌದವ್ವಾ,’ ಎಂದಳು ಅವ್ವ. ಇಷ್ಟು ದಿನ ಎಲ್ಲರೂ ಅವಳ ಮಾತಿಗೆ ಇಲ್ಲ ಎಂದವರೇ, ಅಥವಾ ಸುಮ್ಮನೆ ತಲೆ ಆಡಿಸಿದವರೇ. ಅವಳು ಹೇಳಿದ್ದನ್ನು ಹಾಗೆಯೇ ಅವಳಿಗೆ ಒಪ್ಪಿಸಿದವರು ಇವರೊಬ್ಬರೇ. ಅದಕ್ಕೇ ಇರಬೇಕು, ಮುಂದಿನದು ತಾನಾಗಿ ಬಂತು. ‘ನಮ್ಮಕ್ಕ ಇದ್ದಳ್ರಿ. ಕಾಳಗಿ ಊರಿಗಿ ಕೊಟ್ಟಿದ್ರು. ಕಾಮಣಿ ಆಗಿತ್ತು. ಯಾರದೋ ಮದುವ್ಯಾಗ ಹೊಟ್ಟಿ ತುಂಬಾ ಉಂಡಳು. ಆಮ್ಯಾಲೆ ಏಳಲೇ ಇಲ್ಲ.’

ಅವ್ವನಿಗೆ ಅಕ್ಕ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ.

‘ನಿಮ್ಮಕ್ಕ ಉಂಡು ಹೋದಳು. ಸೊಸೀನೂ ಹಾಂಗೇ ಹೋದಾಳು ಅಂತ ನಿಮಗ ಅಂಜಿಕಿ ಅದ. ಹೌದಾ ಯವ್ವಾ?’

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಕ್ಕೋರು ಅವಳ ಬೆನ್ನ ಮೇಲೆ ಕೈಯಿಟ್ಟು ಕಾಯ್ದರು. ಅಳು ನಿಂತ ಮೇಲೆ ಹೇಳಿದರು: ‘ಸುನಂದಾಗ ಕಾಮಣಿ ಆಗಿಲ್ಲ ಯವ್ವಾ. ಈಕಿ ಬಾಣಂತಿ.’

‘ಏನಂದ್ರಿ?’

‘ಹೊಟ್ಟಿ ಕೊಯ್ಸಿಕೊಂಡು ಒಂದು ಜೀವಾ ಉಳಿಸಿ ಬಂದಾಳ. ಒಳಗ ಉಳಿದದ್ದು ದಣಿದು ಮಲಗಿಲ್ಲ, ಬೆಳ್ಯಾಕತ್ತದ. ಬೆಳ್ಯೋದಕ್ಕ ಉಣ್ಣಾಕ ಬೇಕಲ್ರಿ? ಬಾಣಂತಿಗಿ ನೀವು ಏನು ಹಾಕ್ತೀರಿ ಹೇಳ್ರಿ.’

ಅವ್ವ ಮೂಗು ಒರೆಸಿಕೊಂಡು ಅಕ್ಕೋರನ್ನೇ ನೋಡಿದಳು. ಅವಳ ಕೈಯಲ್ಲಿ ಎಷ್ಟು ಬಾಣಂತನಗಳು ಆಗಿಲ್ಲ? ನಮ್ಮ ಓಣಿಯ ಅರ್ಧ ಮಂದಿ ಅವಳ ಅಂಟಿನುಂಡಿ ತಿಂದ ತಾಯಂದಿರ ಹಾಲು ಕುಡಿದವರು. ‘ಬಾಣಂತಿ ಅಂತೀರಿ,’ ಎಂದಳು. ಅದು ತಿರುಗಿ ಹೇಳಿದ್ದೋ, ತನಗೆ ತಾನೇ ಅಂದುಕೊಂಡದ್ದೋ ತಿಳಿಯಲಿಲ್ಲ. ‘ಬಾಣಂತಿಗಿ ಗಂಜಿ ಯಾರು ಹಾಕ್ತಾರ್ರಿ? ತೊಗರಿ ಬ್ಯಾಳಿ, ಸಬ್ಬಸಗಿ ಪಲ್ಯ, ಬಿಸಿ ರೊಟ್ಟಿ, ತುಪ್ಪಾ, ಉಂಡಿ...’

‘ತುಪ್ಪಾ, ಉಂಡಿ ಸದ್ಯ ಬ್ಯಾಡ. ಉಳಿದದ್ದು ಹಾಕ್ರಿ. ಮೊಸರು, ಮೊಳಕಿ ಕಾಳು ಕೂಡಸ್ರಿ. ಉಪ್ಪು ಎಷ್ಟು ಅಂತ ದವಾಖಾನಿಯವ್ರು ಹೇಳ್ತಾರ, ಕೇಳಿ ಹಾಕ್ರಿ. ಪಾದ ಬಾತಾವ, ನಾಳಿ ಹೋಗಿ ಒಮ್ಮಿ ತೋರಿಸ್ಕೊಂಡು ಬರ್ರಿ.’

ಅವ್ವ ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸಿ ಬೇಳೆ ತೊಳೆಯಲು ಕುಳಿತಳು. ಸಬ್ಬಸಗಿಗೆ ನನ್ನನ್ನು ಪೇಟೆಗೆ ಓಡಿಸಿದಳು. ವಾಪಸು ಬಂದಾಗ ಮನೆಯ ತುಂಬ ಒಗ್ಗರಣೆಯ ವಾಸನೆ. ಸುನಂದಾ ಎದ್ದು ಕುಳಿತಿದ್ದಳು, ಅವ್ವ ತುತ್ತು ಮಾಡಿ ಕೊಡುತ್ತಿದ್ದಳು. ನಾನು ಸಬ್ಬಸಗಿಯ ಕಟ್ಟು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಅತ್ತೆ.

ಮರುದಿನ ಆಸ್ಪತ್ರೆಯವರು ಪರೀಕ್ಷೆ ಮಾಡಿ, ಉಣಿಸುವುದನ್ನು ನಿಲ್ಲಿಸಬೇಡಿ ಎಂದರು. ಬಾವು ಇಳಿಯಿತು, ಗಾಯ ಮಾಯಿತು. ಕೆಲವು ತಿಂಗಳ ನಂತರ ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಪರದೆಯ ಮೇಲೆ ಅವಳ ಯಕೃತ್ತನ್ನು ತೋರಿಸಿದರು. ಮೊದಲಿನ ಆಕಾರ ಇರಲಿಲ್ಲ. ಒಂದು ಕಡೆ ಖಾಲಿ, ಇನ್ನೊಂದು ಕಡೆ ತುಂಬಿಕೊಂಡು ಹೆಚ್ಚುಕಡಿಮೆ ಮೊದಲಿನಷ್ಟೇ ದೊಡ್ಡದಾಗಿ ಬೆಳೆದು, ನಿಂತಿತ್ತು. ಹೊರಗಿನ ಬೆಂಚಿನ ಮೇಲೆ ಅವಳ ತಮ್ಮ ಚಕ್ಕಲಿ ತಿನ್ನುತ್ತ ಕುಳಿತಿದ್ದ. ಅವನ ಹೊಟ್ಟೆಯಲ್ಲೂ ಅವಳದೇ ಒಂದು ತುಂಡು ಅವನಿಗೆ ಬೇಕಾದಷ್ಟು ಬೆಳೆದಿತ್ತು. ದೇವರ ಕೋಣೆಯಲ್ಲೂ ಅಡ್ಡಾದಿಡ್ಡಿ ನಿಲ್ಲುವ ಮನುಷ್ಯ ನಾನು. ಆ ಪರದೆಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲಬೇಕಿತ್ತು ಅನ್ನಿಸಿತು.

ಗಾಡಿಯಲ್ಲಿ ಇದನ್ನು ಹೇಳಿದಾಗ ಅಕ್ಕೋರು ಎಂದಿನಂತೆ ತಿರುಗಿ ಹೇಳಲು ಹೊರಟರು. ‘ಒಂದು ಕಡಿ ಖಾಲಿ, ಇನ್ನೊಂದು ಕಡಿ...’ ಎಂದವರಿಗೆ ಮುಂದೆ ಹೇಳಲಾಗಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರು ಇಷ್ಟು ವರ್ಷ ನೋಡಿದ್ದು ಇಲಿಗಳನ್ನು. ಸೇಡಂ ಬರುವವರೆಗೆ ನಾವಿಬ್ಬರೂ ತೊಗರಿಯ ಹೊಲಗಳನ್ನು ನೋಡುತ್ತ ಕುಳಿತೆವು. ಇಳಿಯುವ ಮುಂದೆ ನಾನು, ‘ಡಾಕ್ಟರು ಹೇಳಿದ್ದನ್ನೇ ನೀವೂ ಹೇಳಿದ್ರಿ. ನಿಮ್ಮದು ಹ್ಯಾಂಗ ಕೇಳಿದಳು ನಮ್ಮವ್ವ?’ ಎಂದು ಕೇಳಿದೆ. ‘ಮೊದಲು ನಾ ಅವ್ರದು ಕೇಳ್ದೆ ಸರ್’ ಎಂದು ಚೀಲ ಎತ್ತಿಕೊಂಡರು.

ಮುಂದಿನ ವರ್ಷ ನಿವೃತ್ತರಾದರು. ಅತಿಥಿ ಉಪನ್ಯಾಸಕರಾಗಿ ಬನ್ನಿ ಎಂದು ಕಾಲೇಜಿನವರು ಮನೆಗೇ ಹೋಗಿ ಕರೆದರು. ‘ಸಾಕ್ರಿ’ ಎಂದರು. ಮೊನ್ನೆ ಹೃದಯ ನಿಂತಿತು. ಹೃದಯಕ್ಕೆ ಯಕೃತ್ತಿನ ವಿದ್ಯೆ ಬರುವುದಿಲ್ಲ, ಒಮ್ಮೆ ಗಾಯವಾದರೆ ಆಯಿತು ಎಂದು ಗೋಡೆಯಾಚೆಯಿಂದ ಅವರೇ ಹೇಳಿದ್ದು ನನಗೆ ನೆನಪಿತ್ತು. ಸುನಂದಾಳ ತಮ್ಮ ಅವರ ಸಮಾಧಿಗೆ ಶಹಾಬಾದದ ಕಲ್ಲು ತಾನೇ ಪಾಲಿಶ್ ಹಾಕಿ ತಂದ. ಅವ್ವನೂ ಮಣ್ಣು ಕೊಡಲು ಬಂದಿದ್ದಳು.

ಇಷ್ಟು ಬರೆದು ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ನಿನ್ನೆ ಚಿಂಚೋಳಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಅವಳ ಮಗಳಿಗೆ ಯಕೃತ್ತಿನ ಕಾಯಿಲೆ. ತಾನು ಕೊಡಬೇಕಾಗಿದೆ, ಕೊಟ್ಟು ಬದುಕಿದವರನ್ನು ಕಣ್ಣಾರೆ ನೋಡಬೇಕು ಎಂದು ಯಾರಿಂದಲೋ ಸುನಂದಾಳ ಸುದ್ದಿ ತಿಳಿದು ಬಂದಿದ್ದಳು. ಬಸ್ಸಿನ ಧೂಳು ಮೈಮೇಲೆ ಹಾಗೆಯೇ ಇತ್ತು. ನಿಂತಲ್ಲಿಯೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನನಗೆ ಎಲ್ಲ ಗೊತ್ತಿದೆಯಲ್ಲ, ಅವಳಿಗೆ ಧೈರ್ಯ ಹೇಳಲು ಬಾಯಿ ತೆರೆದೆ.

‘ನೀ ಸುಮ್ಕ ಕುಂದರು,’ ಎಂದಳು ಅವ್ವ. ಆ ಹೆಣ್ಣುಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ‘ನೀ ಹೇಳಿದ್ದು ನಾ ತಿರುಗಿ ಹೇಳ್ತೀನಿ. ತಪ್ಪಿದ್ರ ಹೇಳವ್ವಾ. ಮಗಳಿಗಿ ನೀ ಕೊಡಬೇಕು. ನಿನಗ ಅಂಜಿಕಿ ಆಗ್ಯಾದ. ಹೌದಾ?’

‘ಇಲ್ರಿ ಯವ್ವಾ. ನನಗೇನು ಅಂಜಿಕಿ ಇಲ್ಲ. ನಮ್ಮತ್ತಿ ಅಂಜ್ಯಾಳ. ಬ್ಯಾಡ ಅಂತ ಉಣ್ಣೋದು ಬಿಟ್ಟು ಕುಂತಾಳ.’

‘ಹಾಂ. ನಿನಗ ಅಂಜಿಕಿ ಇಲ್ಲ. ನಿಮ್ಮತ್ತಿ ಅಂಜ್ಯಾಳ,’ ಎಂದು ಅವ್ವ ಅದನ್ನೂ ತಿರುಗಿ ಹೇಳಿದಳು. ಆ ಹೆಣ್ಣುಮಗಳು ಹೌದೆಂದು ತಲೆಯಾಡಿಸಿದ ಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಗೂಟದ ಮೇಲಿದ್ದ ಶಾಲು ತೆಗೆದುಕೊಂಡಳು.

‘ಸುನಂದಾ, ಈಕಿಗಿ ಉಣ್ಣಾಕ ಹಾಕು. ಚಿಂಚೋಳಿ ಬಸ್ಸು ಎಷ್ಟಕ್ಕದ ನೋಡಪಾ. ಆ ಅತ್ತಿ ಕಡಿ ನಾ ಹೋಗ್ತೀನಿ.’